ನಮ್ಮಪ್ಪ ಅತ್ತ ಪಿಕ್ಚರು

ಚಿಂತಾಮಣಿಯ ಟೆಂಟಿಗೆ ಆ ಪಿಕ್ಚರು ಬಂದಾಗ ನನಗೆ ಹತ್ತೊಂಬತ್ತು. ಮುದುಕನಾದ ಒಬ್ಬ ಪೈಲ್ವಾನ ಹಳೇ ತಪ್ಪು ತೊಳಕೊಳ್ಳೋಕೆ ಕೊನೇ ಸಲ ಅಖಾಡಕ್ಕಿಳಿದು ಹತ್ತು ಜನರನ್ನ ಕೆಡವ್ತಾನೆ. ಹಳೇ ಎದುರಾಳಿ ಬಂದು ತಬ್ಕೊಳ್ತಾನೆ, ಟೆಂಟೆಲ್ಲ ಶಿಳ್ಳೆ. ಹೆಂಗಸರ ಕಡೆಯಿಂದ ತಿರುಗಿ ನೋಡಿದರೆ, ಗಂಡಸರ ಸಾಲಲ್ಲಿ ನಮ್ಮಪ್ಪ ಟವೆಲ್ಲು ಬಾಯಿಗೆ ತುರುಕ್ಕೊಂಡು ಅಳ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯ್ತು.

ಯಾಕಂದರೆ ಅಪ್ಪನೂ ಪೈಲ್ವಾನನೇ. ನಾನು ಚಿಕ್ಕವಳಿದ್ದಾಗ ಕುಸ್ತೀಲಿ ಜಂಗಮಕೋಟೆಯವನೊಬ್ಬನ ಮಂಡಿ ಮುರಿದಿದ್ದ. ಕಾಲು ಅಪ್ಪನ ಪಟ್ಟಿಗೆ ಸಿಕ್ಕಾಗ ಅವನು, ಸೋತೆ ಬಿಡು ಅಂದಿದ್ದ. ಅಪ್ಪ ಬಿಡಲಿಲ್ಲ, ಇನ್ನೊಂದು ಸುತ್ತು ತಿರುಚಿದ. ನಗಾರಿ ಗಲಾಟೆಯಲ್ಲಿ ಅವನ ಮಾತು ಕೇಳಿಸಲೇ ಇಲ್ಲ ಅಂತ ಊರಿಗೆಲ್ಲ ಹೇಳಿದ. ಊರೂ ನಂಬಿತು. ಗಟ್ಟಿಯಾಗಿ ಸೋತೆ ಅನ್ನೋಕೆ ಕೊಬ್ಬು ಅಡ್ಡ ಬಂತು, ಅನುಭವಿಸಲಿ ಅಂತ ಕಾಲು ಹೋದವನನ್ನೇ ಆಡ್ಕೊಂಡಿತು. ಕೇಳಿಸಿತ್ತು ಅಂತ ಅಪ್ಪ ಒಪ್ಪಿಕೊಂಡದ್ದು ಅಮ್ಮ ಬದುಕಿದ್ದಾಗ, ಅವಳ ಹತ್ತಿರ ಮಾತ್ರ. ನಾನು ಅಲ್ಲೇ ರಾಗಿ ಕೇರ್ತಿದ್ದೆ.

ಪರದೆ ಮೇಲಿನವನಿಗೆ ಅಳೋ ಬದಲು ಜಂಗಮಕೋಟೆಗೆ ಹೋಗು ಅಂತ ಮನೆ ಸೇರೋವರೆಗೂ ಬೈದೆ. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅಪ್ಪ, ಆ ಕುಸ್ತೀಲಿ ಗೆದ್ದ ಬೆಳ್ಳಿ ಗದೆಯನ್ನ ಗೋಡೆಯಿಂದ ಇಳಿಸಿಕೊಂಡು ಬಸ್ಸು ಹತ್ತಿದ. ನಾನೂ ಹೋದೆ.

ಅವನ ಮನೇಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟೋ ಸಮಯ. ಹೊರಗಿನವರು ಒಳಗೆ ಬರೋ ಹಾಗಿಲ್ಲ ಅಂತ ಜಗಲಿ ಮೇಲೇ ಕೂರಿಸಿದರು. ಆ ಮನುಷ್ಯ ಸೊಪ್ಪಿನ ಬುಟ್ಟಿ ಇಳಿಸಿ, ಕಾಲು ಎಳ್ಕೊಂಡು ಬಂದು ಎದುರಿಗೆ ಕೂತ. ಅಪ್ಪ ಗದೆ ಅವನ ಮುಂದಿಟ್ಟು, ಗರಡಿಗೆ ಬಾ, ಎಲ್ಲರ ಎದುರಿಗೆ ನಿನ್ನ ಕೈಲಿ ಹೊಡಿಸಿಕೊಳ್ತೀನಿ ಅಂದ. ಥೇಟು ಪಿಕ್ಚರಿನ ಮಾತು. ನಾಚಿಕೆಯಾಗಿ ನಾನು ತಲೆ ತಗ್ಗಿಸಿದೆ.

ಅವನು ಗದೆ ಮುಟ್ಟಲಿಲ್ಲ. "ಇದನ್ನ ಏನ್ ಮಾಡ್ಲಪ್ಪ? ಶನಿವಾರ ನಿಮ್ಮ ಗರಡೀಲಿ ಹಿರೀಕರು ಸೇರ್ತಾರಲ್ಲ, ಅವರೆದುರಿಗೆ ನಿಂಗೆ ಕೇಳಿಸಿತ್ತು ಅಂತ ಹೇಳು. ಅಷ್ಟು ಸಾಕು."

ಅಪ್ಪ ಆಗಲಿ ಅಂತ ಕೈಮೇಲೆ ಕೈ ಇಟ್ಟು ಮಾತು ಕೊಟ್ಟ. ಗದೆ ನಮ್ಮ ಜೊತೆಗೇ ವಾಪಸ್ಸು ಬಂತು.

ಶನಿವಾರ ಆಂಜನೇಯನ ಪೂಜೆ ಆಯ್ತು, ಹಂಚಿದ ಕಡಲೆ ತಿಂದದ್ದೂ ಆಯ್ತು. ಅಪ್ಪ ಬಾಯಲ್ಲಿ ಕಡುಬು ಇಟ್ಕೊಂಡ ಹಾಗೆ ಕೂತಿದ್ದ. ಹೆಂಗಸರು ಗರಡಿ ಹೊಸಿಲು ತುಳಿಯೋ ಹಾಗಿಲ್ಲ. ತೆರೆದ ಬಾಗಿಲಲ್ಲಿ ನೋಡ್ತಾ ಬೀದೀಲಿ ಕಾದು ಕಾದು, ಈ ಮನುಷ್ಯ ಹೊಟ್ಟೆಗೆ ಅನ್ನ ತಿಂತಾನೋ ಮಣ್ಣು ತಿಂತಾನೋ ಅನ್ನಿಸಿ, ಬಾಗಿಲಿಗೇ ಹೋಗಿ ನಿಂತೆ.

"ಅಪ್ಪ, ಕೇಳಿಸಿತ್ತು ಅಂತ ಹೇಳು."

ಎಲ್ಲರೂ ತಿರುಗಿದರು, ಅಪ್ಪ ತಿರುಗಲಿಲ್ಲ. ಮಗಳು ಏನೋ ಅಂತಿದಾಳೆ ನೋಡಯ್ಯ ಅಂತ ಪಕ್ಕದವರು ಅವನ ಭುಜ ತಟ್ಟಿದರು.

"ಕೇಳಿಸ್ಲಿಲ್ಲ" ಅಂದ.

ನಾನೇ ಎಲ್ಲ ಹೇಳಿದೆ. ಹುಡುಗಿಗೆ ತಲೆ ಕೆಟ್ಟಿದೆ ಅಂತ ಬಾಗಿಲು ಹಾಕ್ಕೊಂಡರು.

ಮುಂದಿನ ತಿಂಗಳು ಆ ಪಿಕ್ಚರು ಗೌರಿಬಿದನೂರಿಗೆ ಹೋಯ್ತು. ಅಪ್ಪ ಅಲ್ಲಿಗೂ ಹೋಗಿ ಅತ್ತು, ಕಣ್ಣು ಕೆಂಪಗೆ ಮಾಡ್ಕೊಂಡು ಬಂದ. ಆವತ್ತು ಅವನಿಗೆ ನಾನು ಮುದ್ದೆ ಕಟ್ಟಲಿಲ್ಲ.