ಎರಡು ಗಡಿಗೆ ಕೆಂಪು ಬಾಳೆ

ಕಲಬುರಗಿಯ ಬ್ರಹ್ಮಪುರದ ಮನೆಯಿಂದ ಕಮಲಾಪುರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ವಿಜ್ಞಾನ ಕಲಿಸುವವನು ನಾನು. "ಕೈಗೆ ಮಣ್ಣ ಹತ್ತದ ತಲಿಗೆ ಏನೂ ಹತ್ತೂದಿಲ್ಲೋ ತಮ್ಮಾ" ಎನ್ನುತ್ತಿದ್ದಳು ನಮ್ಮಜ್ಜಿ. ಆ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಹೇಳುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಎಂಟನೆಯ ತರಗತಿಯ ಒಬ್ಬಳು ಆ ಮಾತನ್ನು ನಂಬಿದಳು. ಅವರ ಮನೆಯಲ್ಲಿ ಕೆಂಪು ಬಾಳೆಯ ತೋಟ. ಒಂದು ದಿನ ಮಸಿ ಹಿಡಿದ ಎರಡು ಗಡಿಗೆ ಹೊತ್ತು ಬಂದಳು.

"ಸರ್, ಎರಡರಾಗೂ ಕಾಯಿ ಅದಾವ್ರಿ. ಒಂದರಾಗ ಒಂದು ಹಣ್ಣೂ ಇಟ್ಟೀನಿ. ಹಣ್ಣಿನ ಸಂಗಟ ಇದ್ದ ಕಾಯಿ ಲಗೂ ಹಣ್ಣಾಗ್ತಾವಂತಾಳ ನಮ್ಮ ಆಯಿ. ಖರೇ ಏನ್ರಿ?"

"ನೀನೇ ನೋಡಿ ಹೇಳವಾ" ಎಂದೆ.

ದಿನಾ ಹೆಬ್ಬೆರಳಿನಿಂದ ಕಾಯಿ ಒತ್ತಿ ನೋಡುವಳು, ನೋಟುಬುಕ್ಕಿನಲ್ಲಿ ಬರೆಯುವಳು: ಗಟ್ಟಿ. ಗಟ್ಟಿ. ಮೂರನೆಯ ದಿನ, ಹಣ್ಣಿಟ್ಟ ಗಡಗ್ಯಾಗ ಜರಾ ಮೆತ್ತಗ. ಇಡೀ ತರಗತಿ ಗಡಿಗೆಯ ಸುತ್ತ ಮುಗಿಬೀಳುತ್ತಿತ್ತು.

"ಡಾಕ್ಟರ್‌ಬಾಯಿ ಬಂದ್ರು, ನಾಡಿ ಹಿಡೀತಾರ ಸರೀರಿ!" ಎಂದ ಒಬ್ಬ.

"ಮೊದಲ ನಿನ್ನ ತಲಿ ಒತ್ತಿ ನೋಡ್ತೀನಿ ತಡಿ. ಇನ್ನಾ ಕಾಯಿನೇ ಅದ" ಎಂದಳು ಇವಳು.

ನಾಲ್ಕನೆಯ ದಿನ ಕಲಬುರಗಿಯಲ್ಲಿ ವಿಜ್ಞಾನ ಪ್ರದರ್ಶನ. ಶಾಲೆಯಿಂದ ಅವಳೇ ಹೋಗಬೇಕು. ಆದರೆ ನನಗೆ ಆ ಗಡಿಗೆಗಳದೇ ನಾಚಿಕೆ. ಪೇಟೆಯಲ್ಲಿ ದೀಪ ಮಿನುಗುವ, ಗರಗರ ತಿರುಗುವ ಗಾಳಿಯಂತ್ರದ ಮಾದರಿ ಕೊಂಡು ತಂದೆ.

"ಗಡಗಿ ಒಯ್ದ್ರ ಮಂದಿ ನಗ್ತಾರ. ಇದರ ಮುಂದ ನಿಂದ್ರು. ಬರದು ಕೊಟ್ಟದ್ದು ಬಾಯಿಪಾಠ ಮಾಡು."

"ನಾಳಿಂದು ಕಾಯಿ ನೋಡೂದು ಉಳೀತದರಿ ಸರ್..."

"ಕಾಯಿ ಎಲ್ಲಿ ಓಡಿ ಹೋಗ್ತಾವ?"

ಪ್ರದರ್ಶನದಲ್ಲಿ ತೀರ್ಪುಗಾರರಾಗಿ ಬಂದಿದ್ದ ಹಿರಿಯ ಹೆಣ್ಣುಮಗಳೊಬ್ಬರು ಮಾದರಿಯ ಹಿಂದೆ ಬಗ್ಗಿ ನೋಡಿದರು. "ಈ ವಾಯರ್ ಇಲ್ಲಿ ಯಾಕ ಹಚ್ಚೀದಿ, ತಂಗಿ?"

ಅವಳು ನನ್ನತ್ತ ನೋಡಿದಳು. ನಾನು ದೂರದಿಂದ ತುಟಿ ಅಲ್ಲಾಡಿಸಿದೆ.

"ಗೊತ್ತಿಲ್ರಿ. ಇದು ಸರ್ ತಂದದ್ದರಿ."

ಅವರು ನಕ್ಕರು. "ಮತ್ತ ನಿನಗೇನು ಗೊತ್ತದ?"

"ಬಾಳಿಕಾಯಿ ಗೊತ್ತವರಿ. ಶಾಲ್ಯಾಗ ಬಿಟ್ಟು ಬಂದೀವಿ."

"ಅಯ್ಯ ಮಗಳ, ಅದನ್ನೇ ತರಬೇಕಿತ್ತಲ್ಲ!"

ಹೋಗಲಿ, ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಂತೆ, "ಮಂದ್ಯಾಗ ನನ್ನ ಮಾನ ಕಳದಿ" ಎಂದುಬಿಟ್ಟೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದವಳು ಕಮಲಾಪುರದವರೆಗೂ ತಿರುಗಿ ನೋಡಲಿಲ್ಲ.

ಮರುದಿನ ನಾನು ತರಗತಿಗೆ ಹೋಗುವಷ್ಟರಲ್ಲಿ ಅವಳು ಗಡಿಗೆಗಳನ್ನು ಮನೆಗೆ ಒಯ್ದಿದ್ದಳು. ಆಮೇಲೂ ನಾನು ಹೇಳಿದ್ದನ್ನೆಲ್ಲ ತಪ್ಪಿಲ್ಲದೆ ಬರೆದಳು, ಒಳ್ಳೆಯ ಅಂಕವನ್ನೇ ಪಡೆದಳು. ಪ್ರಶ್ನೆ ಮಾತ್ರ ಮತ್ತೆ ಕೇಳಲಿಲ್ಲ.

ಹಣ್ಣಿನಿಂದ ಹೊರಬರುವ ಒಂದು ಬಗೆಯ ಅನಿಲದಿಂದಲೇ ಪಕ್ಕದ ಕಾಯಿ ಹಣ್ಣಾಗುತ್ತದೆ. ಅವಳ ಆಯಿ ಹೇಳಿದ್ದು ಖರೆ. ಈಗ ಪ್ರತಿವರ್ಷ ಮಕ್ಕಳಿಂದ ಎರಡು ಗಡಿಗೆ ತರಿಸುತ್ತೇನೆ. ಅವರು ಹೆಬ್ಬೆರಳಿನಿಂದ ಕಾಯಿ ಒತ್ತುವಾಗ ನನಗೆ ಆ ನೋಟುಬುಕ್ಕು ನೆನಪಾಗುತ್ತದೆ. ವರ್ಷದ ಕೊನೆಗೆ ಅದು ತಿದ್ದಲು ನನ್ನ ಕೈಗೆ ಬಂದಿತ್ತು. ನಾಲ್ಕನೆಯ ದಿನಕ್ಕೆಂದು ಗೆರೆ ಹೊಡೆದಿಟ್ಟ ಚೌಕ ಖಾಲಿಯೇ ಇತ್ತು. ನಾನು ಅದರ ಕೆಳಗೆ ಕೆಂಪು ಮಸಿಯಲ್ಲಿ ಸಹಿ ಹಾಕಿ ಕೊಟ್ಟೆ.