ಕ್ಯಾಂಪಿನ ಶೇಖ, ಮಸ್ಕತ್ತಿನ ಅಂಗಿ

ಹೋದ ತಿಂಗಳು ಬೆಳಗಾವಿಯ ಕೋಟೆ ಕಡೆಯಿಂದ ನಡೆದು ಬರುವಾಗ ಹಳೇ ಸಾಮಾನಿನ ಅಂಗಡಿಯೊಂದರ ಮುಂದೆ ಕಾಲು ನಿಂತಿತು. ಕೆಟ್ಟ ಫ್ಯಾನು, ಹಿತ್ತಾಳೆ ನಲ್ಲಿಗಳ ನಡುವೆ ಒಂದು ಗ್ರಾಮಫೋನ್ ತಟ್ಟೆಯ ರಟ್ಟಿನ ಕವಚ ಬಿದ್ದಿತ್ತು. ಅದರ ಮೇಲೆ ಬೆಂಕಿಬಣ್ಣದ ಸೂರ್ಯ, ಮೂರು ಒಂಟೆ, ಒಂದು ಡೇರೆ. ಡೇರೆಯ ಬಾಗಿಲಲ್ಲಿ ಕಣ್ಣಿಗೆ ಕಾಡಿಗೆ ಬಳಿದುಕೊಂಡು, ಎದೆ ಬಿಟ್ಟುಕೊಂಡು, ಸೊಂಟಕ್ಕೆ ಡೊಂಕು ಚೂರಿ ಸಿಕ್ಕಿಸಿಕೊಂಡ ಒಬ್ಬ ಬಿಳಿಯ ಹಾಡುಗಾರ. ಅವನ ಕಾಲ ಬಳಿ, ಮೂಗಿನ ಕೆಳಗೆ ಮಾತ್ರ ಬಟ್ಟೆ ಕಟ್ಟಿಕೊಂಡು ಉಳಿದ ಕಡೆಯೆಲ್ಲ ಬಟ್ಟೆ ಮರೆತಂತಿದ್ದ ನಾಲ್ಕು ಹೆಂಗಸರು.

"ತೊಗೊಳ್ರಿ ಸರ, ಅಸಲಿ ಇಂಗ್ಲಿಷ್ ಮಾಲ್ ಐತಿ. ಗ್ವಾಡಿಗಿ ಹಾಕಾಕ ಭಾಳ ಚಂದ ಕಾಣ್ತೇತಿ," ಎಂದ ಅಂಗಡಿಯವನು.

ನಾನು ಕಾಲೇಜಿನಲ್ಲಿದ್ದಾಗ ನೋಡಿದ್ದು ಇದೇ ಕವಚವೋ ಇದರ ತಮ್ಮನೋ ಹೇಳಲಾರೆ. ಅವೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಂಚುಗಳಿದ್ದ ಹಾಗೆ. ಆದರೆ ಅದನ್ನು ಕೈಗೆತ್ತಿಕೊಂಡ ಕೂಡಲೇ, ನೀರು ಚಿಮುಕಿಸಿದ ಬಿಳಿ ಬಟ್ಟೆಯ ಮೇಲೆ ಇದ್ದಿಲ ಇಸ್ತ್ರಿಪೆಟ್ಟಿಗೆ ಓಡಾಡುವ ವಾಸನೆ ಮೂಗಿಗೆ ಬಂದಂತಾಯಿತು. ಖಾನಾಪುರದ ಟೇಲರ್ ಚಾಚಾ ನೆನಪಾದರು...

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಅವರದು ಒಂದೇ ಮಷಿನ್ನಿನ ಅಂಗಡಿ. ಎಪ್ಪತ್ತರ ದಶಕದ ಮೊದಲಲ್ಲಿ ಮಸ್ಕತ್ತಿಗೆ ಹೋಗಿ, ಎಂಟು ವರ್ಷ ಅಲ್ಲಿನ ಗಂಡಸರ ಬಿಳಿ ನೀಳಂಗಿ ಹೊಲಿದು, ಹೆಂಡತಿಗೆ ಮೈ ಸರಿಯಿಲ್ಲವೆಂದು ಕಾಗದ ಬಂದಾಗ ವಾಪಸು ಬಂದವರು. ಹೊರದೇಶದಿಂದ ಬಂದವರು ತರುವ ಟೇಪ್ ರೆಕಾರ್ಡರ್, ಕಪ್ಪು ಕನ್ನಡಕ ಯಾವುದನ್ನೂ ಅವರು ತರಲಿಲ್ಲ. ತಂದದ್ದು ಒಂದು ಕತ್ತರಿ ಮತ್ತು ಕೊರಳಪಟ್ಟಿಯ ಬಗ್ಗೆ ಅಪಾರ ಜ್ಞಾನ. ಮಸ್ಕತ್ತಿನ ಅಂಗಿಗೆ ಕಾಲರು ಇರುವುದಿಲ್ಲ, ಕೊರಳ ಹತ್ತಿರ ಒಂದು ಗೊಂಡೆ ಇಳಿಬಿಟ್ಟಿರುತ್ತದೆ, ಅದನ್ನು ಅತ್ತರಿನಲ್ಲಿ ಅದ್ದುತ್ತಾರೆ. ಕುವೈತಿನವರ ಕಾಲರಿಗೆ ಒಂದೇ ಗುಂಡಿ. ಸೌದಿಯವರದು ನಮ್ಮ ಶರ್ಟಿನ ಹಾಗೆ ಗಟ್ಟಿ ಕಾಲರು. ನಮ್ಮಲ್ಲಿ ರುಮಾಲು ಸುತ್ತಿದ್ದನ್ನು ನೋಡಿ ಊರು ಹೇಳುವ ಹಿರಿಯರಿದ್ದರಲ್ಲ, ಚಾಚಾ ಕೊರಳು ನೋಡಿ ದೇಶ ಹೇಳುತ್ತಿದ್ದರು.

ನಾನು ಅವರ ಅಂಗಡಿಯ ಕಟ್ಟೆಯ ಮೇಲೆ ಕೂತು ಓದಿದವನು. ನನ್ನಪ್ಪ ಹಂಚಿನ ಭಟ್ಟಿಯಲ್ಲಿ ಮಣ್ಣು ತುಳಿಯುತ್ತಿದ್ದ, ಹೆಬ್ಬೆಟ್ಟು ಒತ್ತುತ್ತಿದ್ದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬೆಳಗಾವಿಗೆ ಹೋಗಿ, ಸಂಜೆ ರೈಲಿಗೆ ಮರಳಿ, ಮನೆಯಲ್ಲಿ ಜಾಗವಿಲ್ಲದ್ದಕ್ಕೆ ಚಾಚಾನ ಕಟ್ಟೆಯ ಮೇಲೆ ಡಿಕ್ಷನರಿ ಬಿಡಿಸುತ್ತಿದ್ದೆ. "ಓದು ಬೇಟಾ, ನನ್ನ ಮಷಿನ್ ಸಪ್ಪಳಾ ಮಾಡಿದ್ರ ಬೈ," ಎನ್ನುತ್ತಿದ್ದರು.

ಕಾಲೇಜಿನಲ್ಲಿ ನನ್ನ ಹೆಸರು ಹೋಗಿ 'ಖಾನಾಪುರ' ಆಗಿತ್ತು. ಕ್ಯಾಂಪಿನಿಂದ, ಅಂದರೆ ದಂಡು ಪ್ರದೇಶದ ಬಂಗಲೆಗಳಿಂದ, ಮತ್ತು ಟಿಳಕವಾಡಿಯಿಂದ ಬರುವ ಐದಾರು ಹುಡುಗರ ಒಂದು ಗುಂಪಿತ್ತು. ಅವರ ಮುಖಂಡ ಗ್ಯಾದರಿಂಗ್ ಸೆಕ್ರೆಟರಿ, ಕಾಲೇಜಿನ ವಾರ್ಷಿಕ ಸಮಾರಂಭದ ಯಜಮಾನ. ಅವನ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು. ನನ್ನ ಬಾಯಿಂದ 'ಐತಿ' ಬಂದರೆ ನಗುತ್ತಿದ್ದ ಈ ಜನ ಇಂಗ್ಲಿಷ್ ಹಾಡಿಗೆ ತಲೆ ಅಲ್ಲಾಡಿಸುತ್ತಿದ್ದರು. ಅರ್ಥ ಒಬ್ಬನಿಗೂ ಆಗುತ್ತಿರಲಿಲ್ಲ. ಆಗುತ್ತಿದ್ದದ್ದು ನನಗೆ. ವ್ಯಾಕರಣ ಅರೆದು ಕುಡಿದವನು ನಾನು. ಹಾಗಾಗಿ ನನ್ನನ್ನು ಕರೆದು ಸಾಲು ಬರೆಸಿಕೊಳ್ಳುತ್ತಿದ್ದರು.

ಎಂಥ ಸಾಲುಗಳು! ಅರಬರ ಸೀಮೆ ಎಂದರೆ ಅವರಿಗೆ ಇಷ್ಟೇ: ಮೊದಲು ಹಾವಾಡಿಗನ ಪುಂಗಿಯ ಹಾಗೆ ಒಂದು ಕೊಳಲು ಕೊಂಯ್ ಎನ್ನಬೇಕು, ಆಮೇಲೆ ಡೋಲು. ಮರಳು ಎಂದರೆ ಬೆಳದಿಂಗಳು ಬರಲೇಬೇಕು, ಸೀಸೆ ಎಂದರೆ ಅದರೊಳಗೊಂದು ಜಿನ್ನು ಭೂತ. ಹೆಂಗಸು ಬಂದರೆ ಪರದೆ, ಪರದೆ ಬಂದರೆ ಅದನ್ನು ಸರಿಸುವ ಆಸೆ. ಗಂಡಸು ಬಂದರೆ ಒಂದೋ ಚೂರಿ, ಇಲ್ಲವೇ ಎಣ್ಣೆಬಾವಿ ಮತ್ತು ಮೂವತ್ತು ಹೆಂಡಿರು. ಆ ಸೀಮೆಯಲ್ಲಿ ಯಾರೂ ಶಾಲೆಗೆ ಹೋಗುವುದಿಲ್ಲ, ಯಾರಿಗೂ ನೆಗಡಿಯಾಗುವುದಿಲ್ಲ, ಯಾರೂ ಅಂಗಿ ಹೊಲಿಸುವುದಿಲ್ಲ. ಭೂಪಟದಲ್ಲಿ ಮಸ್ಕತ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾರದ ಸೋಮಾರಿಗಳು ಲಂಡನ್ನಿನಲ್ಲಿ ಕೂತು ಕಟ್ಟಿದ ಈ ಕಸವನ್ನು ಬೆಳಗಾವಿಯ ಸೋಮಾರಿಗಳು ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆದರೆ ಖರೇ ಹೇಳಬೇಕಲ್ಲ: ಆಗ ನನಗೆ ಇಂಗ್ಲಿಷ್ ಅರ್ಥವಾಗುತ್ತದೆಂಬ ಸೊಕ್ಕಿತ್ತು. ಅರ್ಥವಾದದ್ದು ಎಂಥದ್ದು ಎಂದು ಯೋಚಿಸಲಿಲ್ಲ.

ಕೊನೆಯ ವರ್ಷದ ಗ್ಯಾದರಿಂಗಿಗೆ ಅಂಥದೊಂದು ಹಾಡಿಗೆ ಕುಣಿತ ಮಾಡುವುದೆಂದು ಗೊತ್ತಾಯಿತು. ವೇಷ ಎಲ್ಲಿಂದ ತರುವುದು ಎಂಬ ಮಾತು ಬಂದಾಗ ನಾನು ಬಾಯಿ ಬಿಟ್ಟೆ. "ನಮ್ಮೂರಾಗ ಮಸ್ಕತ್ತಿನ ಟೇಲರ್ ಅದಾರ." ಸೆಕ್ರೆಟರಿ ನನ್ನನ್ನು ಮೊದಲ ಸಲ ಮುಖ ಎತ್ತಿ ನೋಡಿದ. "ಅರೇ ಖಾನಾಪುರ, ಹಂಗಾದ್ರ ನೀನ ಶೇಖ್ ಆಗು!" ನನಗೆ ಪದವಿ ಅಂದೇ ಸಿಕ್ಕಷ್ಟು ಖುಷಿಯಾಯಿತು.

ಮಾದರಿಗೆಂದು ರೆಕಾರ್ಡಿನ ಕವಚವನ್ನು ಚಾಚಾಗೆ ಒಯ್ದು ತೋರಿಸಿದೆ. ಅವರು ಮೂಗಿಗೆ ಚಾಳೀಸು ಏರಿಸಿ, ಬಹಳ ಹೊತ್ತು ನೋಡಿದರು.

"ಇಂವಾ ಯಾರು?"

"ಅರಬ್ ಶೇಖ್ ರಿ ಚಾಚಾ."

"ಅಂಗಿ ಎಲ್ಲೈತಿ ಇಂವಂದು? ಆ ಬಿಸಲಾಗ ಹಿಂಗ ಎದಿ ಬಿಟ್ಕೊಂಡು ನಿಂತ್ರ ಮಧ್ಯಾಹ್ನದಾಗ ಹೆಣಾ ಬೀಳ್ತೈತಿ." ಕವಚ ತಿರುಗಿಸಿ ಹಿಂದೆಯೂ ನೋಡಿದರು. "ಎಂಟು ವರ್ಷ ಇದ್ದೆ ಬೇಟಾ. ಒಂಟಿ ಮ್ಯಾಲ ಕುಂತಾವನ್ನ ನೋಡಿದ್ದು ಎರಡ ಸಲ. ಎಲ್ಲಾರೂ ಮೋಟಾರದಾಗ ಅಡ್ಡಾಡ್ತಾರ. ಹೊಟ್ಟಿ ಕುಣಸೂ ಹೆಂಗಸಂತೂ ಒಬ್ಬಾಕೀನೂ ಕಾಣಲಿಲ್ಲ. ನಮ್ಮ ಮಾಲಕನ ತಾಯಿ ಇದ್ಲು, ಮುದುಕಿ. ನಾ ಜ್ವರಾ ಬಂದು ಮಲಗಿದಾಗ ಗಂಜಿ ಕಳಸಿದ್ಲು. ಆಕೀದು ಹಾಡ ಕಟ್ಟ್ಯಾರೇನು ಇವರು?"

"ಹಂಗಾರ ಅಲ್ಲಿ ಎಲ್ಲಾರೂ ಚಲೋರೇನ್ರಿ?" ಎಂದೆ.

"ಯಾರಂದ್ರು? ಮಾಲಕ ನನ್ನ ಪಾಸ್‌ಪೋರ್ಟ್ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ದ, ಹರಾಮಿ. ಆದರ ಅವನೂ ಅಂಗಿ ಹಾಕ್ಕೊಂತಿದ್ದ!"

ಅವರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಒಳಗೆ ಹೋಗಿ ಟ್ರಂಕು ತೆಗೆದು, ಮಸಲಿನ್ನಿನಲ್ಲಿ ಸುತ್ತಿಟ್ಟಿದ್ದ ಒಂದು ಬಿಳಿ ನೀಳಂಗಿ ತಂದರು. ಮಸ್ಕತ್ ಬಿಡುವ ದಿನ ಅದೇ ಮಾಲಕ ಬಟ್ಟೆ ಕೊಟ್ಟು, ಇಷ್ಟು ವರ್ಷ ಎಲ್ಲರಿಗೂ ಹೊಲಿದೆ, ಇದೊಂದು ನಿನಗೇ ಹೊಲಿದುಕೋ ಎಂದಿದ್ದನಂತೆ. ಊರಿಗೆ ಬಂದ ಮೇಲೆ ಒಂದು ಈದಿಗೆ ತೊಟ್ಟದ್ದು ಬಿಟ್ಟರೆ ಅದನ್ನು ಮುಟ್ಟಿರಲಿಲ್ಲ.

"ಪಾಪ, ಅವರಿಗೆ ಗೊತ್ತಿಲ್ಲ. ಕಂಡಿಲ್ಲ," ಎಂದರು. "ಬರೋಬ್ಬರಿ ಅಂಗಿ ಮೈಮ್ಯಾಲ ಬಂತಂದ್ರ ನಡಗೀನೂ ಬರೋಬ್ಬರಿ ಬರ್ತೈತಿ. ನೀ ಇದನ್ನ ಹಾಕ್ಕೊಂಡು ನಿಲ್ಲು, ನೋಡಲಿ ಮಂದಿ. ಒಂದ ಮಾತು. ಇದರಾಗ ಹಲ್ಕಟ್ ಕೆಲಸಾ ಮಾಡಬ್ಯಾಡ."

"ಇಲ್ರಿ ಚಾಚಾ. ನಿಮ್ಮಾಣೀ."

ಇದು ಒಬ್ಬ ದರ್ಜಿ ಮಾತ್ರ ಮಾಡಬಹುದಾದ ತಪ್ಪು. ಬಟ್ಟೆ ಸರಿಯಾದರೆ ಒಳಗಿನ ಮನುಷ್ಯನೂ ಸರಿಯಾಗುತ್ತಾನೆಂದು ಅವರು ಖರೇವಾಗಿ ನಂಬಿದ್ದರು.

ತಾಲೀಮಿನಲ್ಲಿ ಅಂಗಿ ನೋಡಿ ಸೆಕ್ರೆಟರಿ ಮೂಗು ಮುರಿದ. "ಇದೇನೋ, ನೈಟ್‌ಡ್ರೆಸ್ ಇದ್ದಂಗ ಐತಿ?" ಅದರ ಮೇಲೆ ಜರಿ ಪಟ್ಟಿ ಬಂತು, ರಟ್ಟಿನ ಚೂರಿ ಬಂತು, ಕಾಡಿಗೆ ಬಂತು. ಮುಖಕ್ಕೆ ಚಮಕಿಯ ಪರದೆ ಕಟ್ಟಿಕೊಂಡು ಕುಣಿಯುವ 'ರಾಣಿ', ನಮ್ಮ ಕ್ಲಾಸಿನ ಒಬ್ಬ ತೆಳ್ಳನೆಯ ಹುಡುಗ. ಹಾಡಿನ ಕೊನೆಯ ಡೋಲಿಗೆ ಶೇಖ ಆ ಪರದೆಯನ್ನು ಕಸಿದು ಎಳೆಯಬೇಕು, ಎಳೆದು ಮೂಸಬೇಕು.

"ಹಂಗ ಮಾಡೂದಿಲ್ಲಂತ ಅಲ್ಲೆ," ಎಂದೆ, ಒಂದು ಸಲ.

"ಯಾರಂದ್ರು? ನಿನ್ನ ಟೇಲರ? ಹಾಡ ಬರದಾವರಿಗಿಂತ ಖಾನಾಪುರದ ದರ್ಜಿಗೆ ಹೆಚ್ಚು ತಿಳದೈತೇನು? ಆಗೂದಿಲ್ಲಂದ್ರ ಹೇಳು, ಬ್ಯಾರೆದಾವನ್ನ ನೋಡ್ತೀನಿ."

ಆ ಹಾಡನ್ನು ಬರೆದವನಿಗೆ ಏನೂ ತಿಳಿದಿಲ್ಲವೆಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ. ನಾನೇ ಸುಮ್ಮನಾದೆ. ಆ ಗುಂಪಿನ ಹುಡುಗರು ನನ್ನ ಹೆಗಲ ಮೇಲೆ ಕೈ ಹಾಕತೊಡಗಿ ಹದಿನೈದು ದಿನವಾಗಿತ್ತು, ಅಷ್ಟೇ ಕಾರಣ. ಚಾಚಾಗೆ ಏನೂ ಹೇಳಲಿಲ್ಲ.

ಗ್ಯಾದರಿಂಗಿನ ದಿನ ಅವರು ಅಂಗಡಿ ಮುಚ್ಚಿ, ತೊಳೆದ ಟೋಪಿ ಹಾಕಿಕೊಂಡು, ಮಧ್ಯಾಹ್ನದ ರೈಲಿಗೆ ಬಂದರು. ಬಣ್ಣದ ಕೋಣೆಗೆ ಬಂದವರೇ ಜರಿ ಪಟ್ಟಿ ಬಿಚ್ಚಿ ಬದಿಗಿಟ್ಟರು. ಜೇಬಿನಿಂದ ಸಣ್ಣ ಸೀಸೆ ತೆಗೆದು, ಕೊರಳ ಗೊಂಡೆಗೆ ಅತ್ತರು ಹಚ್ಚಿ, ಬೆರಳಿಂದ ಎಳೆ ಬಿಡಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಹೋಗು," ಎಂದರು. ಹೋಗಿ ಮೂರನೇ ಸಾಲಿನಲ್ಲಿ ಕೂತರು.

ಅವರು ಹೊರಟ ಮೇಲೆ ಸೆಕ್ರೆಟರಿ ಜರಿ ಪಟ್ಟಿ ಮತ್ತೆ ಕಟ್ಟಿದ. ನಾನು ಕಟ್ಟಿಸಿಕೊಂಡೆ.

ಕೊಳಲು ಕೊಂಯ್ ಎಂದಿತು. ಕುಣಿದೆ. ಕಣ್ಣು ಹೊಡೆದೆ, ರಟ್ಟಿನ ಚೂರಿ ಬೀಸಿದೆ. ಪ್ರತಿ ಸಲ ತಲೆ ತಗ್ಗಿಸಿದಾಗ ಗೊಂಡೆಯ ಅತ್ತರು ನನ್ನ ಮೂಗಿಗೇ ಬಡಿಯುತ್ತಿತ್ತು. ಕೊನೆಯ ಡೋಲು ಬಂತು. ಕೈ ಎತ್ತದೆ ನಿಂತಿದ್ದರೆ ಏನಾಗುತ್ತಿತ್ತು? ನಾಲ್ಕು ಜನ ಬೈಯುತ್ತಿದ್ದರು. ನಾನು ಪರದೆ ಕಸಿದೆ. ಮೂಸಿದೆ. ಹಾಲ್ ತುಂಬ ಸಿಳ್ಳೆ. ಚಾಚಾ ಕೂತಲ್ಲೇ ಕೂತಿದ್ದರು, ಎರಡೂ ಕೈ ಮೊಣಕಾಲ ಮೇಲೆ. ಅತಿಥಿಯಾಗಿ ಬಂದಿದ್ದ ಒಬ್ಬ ಪ್ರೊಫೆಸರು ಎದ್ದು, ಅಸಲಿ ಅರಬಸ್ತಾನವನ್ನೇ ಕಣ್ಣೆದುರು ತಂದು ನಿಲ್ಲಿಸಿದಿರಿ ಎಂದು ಹೊಗಳಿದರು. ಮಸ್ಕತ್ತಿನಲ್ಲಿ ಎಂಟು ವರ್ಷ ಬದುಕಿದ ಮನುಷ್ಯ ಅವರ ಬೆನ್ನ ಹಿಂದೆಯೇ, ಎರಡು ಸಾಲಿನಾಚೆ ಕೂತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಇಬ್ಬರೂ ಒಂದೇ ಸಂಜೆ ರೈಲಿಗೆ ಹೊರಟೆವು. ಅವರು ಅಂಗಿಯನ್ನು ಮಡಚಿ ಮಸಲಿನ್ನಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಎದುರು ಕೂತು ಬೈಗುಳಕ್ಕೆ ಕಾದೆ. ದೇಸೂರು ಹೋಯಿತು. ಇದಲಹೊಂಡ ಹೋಯಿತು. ಖಾನಾಪುರದ ಸಿಗ್ನಲ್ಲಿನ ಹತ್ತಿರ ರೈಲು ನಿಧಾನವಾದಾಗ ಅವರು ಕೇಳಿದರು, "ಪರೀಕ್ಷಾ ಯಾವಾಗಿಂದ?"

ಹೇಳಿದೆ.

"ಚಲೋ ಓದು."

ಅಷ್ಟೇ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಬೈದಿದ್ದರೆ ವಾದ ಮಾಡುತ್ತಿದ್ದೆ.

ಬಿ.ಎ. ಪಾಸಾದೆ. ಧಾರವಾಡಕ್ಕೆ ಪದವಿ ತೆಗೆದುಕೊಳ್ಳಲು ಹೋಗಬೇಕಿತ್ತು, ನಮ್ಮ ಮನೆತನದ ಮೊದಲ ಕೋಟು ಹೊಲಿಸಬೇಕಿತ್ತು. ಅಪ್ಪನೇ ಬಟ್ಟೆ ತಂದು ನನ್ನನ್ನು ಚಾಚಾನ ಅಂಗಡಿಗೆ ಕರೆದೊಯ್ದ. ನಮ್ಮ ಕಡೆ ದರ್ಜಿಗಳಲ್ಲಿ ಒಂದು ರೂಢಿಯಿತ್ತು. ಬಳಕೆಯ ಮಂದಿಯನ್ನು ನಿಲ್ಲಿಸಿ, ಮೈಮುಟ್ಟಿ ಟೇಪು ಹಿಡಿಯುತ್ತಿದ್ದರು, ಹಿಡಿಯುತ್ತ ಮನೆಯ ಸುದ್ದಿ ಕೇಳುತ್ತಿದ್ದರು. ಪರವೂರಿನವರು, ಗುರುತಿಲ್ಲದವರು ಬಂದರೆ, ಮೈಗೆ ಸರಿಯಾಗಿ ಕೂಡುವ ಹಳೇ ಅಂಗಿಯೊಂದನ್ನು ಅಳತೆಗೆ ಬಿಟ್ಟು ಹೋಗಲು ಹೇಳುತ್ತಿದ್ದರು. ಚಾಚಾ ಚಿಕ್ಕಂದಿನಿಂದ ನನ್ನ ಹೆಗಲಿಗೆ ಟೇಪು ಹಿಡಿದವರು. ಆ ದಿನ ಟೇಪು ಅವರ ಕೊರಳಲ್ಲೇ ಇತ್ತು.

"ಅಳತಿ ಅಂಗಿ ಒಂದು ಕೊಟ್ಟು ಹೋಗಪಾ," ಎಂದರು. ಬೇಟಾ ಎನ್ನಲಿಲ್ಲ.

ಅಪ್ಪನಿಗೆ ಏನೂ ತಿಳಿಯಲಿಲ್ಲ. "ಎದುರಿಗೇ ನಿಂತಾನಲ್ರೀ!" ಎಂದು ನಕ್ಕ. ಚಾಚಾ ಕೂಡ ನಕ್ಕು, ಕೆಲಸ ಬಹಳ ಐತಿ ಎಂದರು. ನಾನು ಮನೆಗೆ ಹೋಗಿ ಒಂದು ಅಂಗಿ ತಂದು ಮಷಿನ್ನಿನ ಮೇಲೆ ಇಟ್ಟೆ.

ಕೋಟಿನಲ್ಲಿ ಒಂದು ಎಳೆ ತಪ್ಪಿರಲಿಲ್ಲ. ಹೆಗಲು, ತೋಳು, ಬೆನ್ನು, ಎಲ್ಲ ಬರೋಬ್ಬರಿ. ಅಪ್ಪ ನನ್ನನ್ನು ಓಣಿಯ ತುಂಬ ತಿರುಗಿಸಿ ತೋರಿಸಿದ.

ಆಮೇಲೆ ನನಗೆ ಬೆಳಗಾವಿಯಲ್ಲೇ ಇಂಗ್ಲಿಷ್ ಮಾಸ್ತರಿಕೆ ಸಿಕ್ಕಿತು. ಖಾನಾಪುರಕ್ಕೆ ಹೋದಾಗೆಲ್ಲ ಅವರ ಅಂಗಡಿಯ ಮುಂದೆ ಹಾಯುತ್ತಿದ್ದೆ, "ಆರಾಮ್ರೀ ಚಾಚಾ?" ಎನ್ನುತ್ತಿದ್ದೆ. "ಆರಾಮ ಐತ್ರಿ ಸರ," ಎನ್ನುತ್ತಿದ್ದರು. ಸರ! ಆ ಗೌರವ ಬೇಡವೆನ್ನಲು ನನ್ನಲ್ಲಿ ಬಾಯಿ ಇರಲಿಲ್ಲ. ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ, ಮಣ್ಣಾಗಿ ಎಂಟು ದಿನದ ಮೇಲೆ ನನಗೆ ಮುಟ್ಟಿತು...

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಈಗಲೂ ಓಣಿಯ ಹುಡುಗರು ಬಂದು ಇಂಗ್ಲಿಷ್ ಹಾಡಿನ ಅರ್ಥ ಕೇಳುತ್ತಾರೆ. ಹಾಡು ಹೊಸದು, ಮರಳು ಮತ್ತು ಪರದೆ ಅವೇ. ಇಷ್ಟು ವರ್ಷದಲ್ಲಿ ಹಾಡು ಕಟ್ಟುವ ಆ ಸೋಮಾರಿಗಳು ಒಂದು ಅಂಗಿಯನ್ನಾದರೂ ಸರಿಯಾಗಿ ನೋಡಿ ಕಲಿತಿಲ್ಲ. ನಾನು ಹುಡುಗರಿಗೆ ಅರ್ಥ ಹೇಳಿ, ಬರೆದವನಿಗೆ ನಾಲ್ಕು ಮಾತು ಬೈದು ಕಳಿಸುತ್ತೇನೆ. ಸುಲಭದ ಕೆಲಸ ಅದು, ಲಂಡನ್ನಿನವನಿಗೆ ಕೇಳಿಸುವುದಿಲ್ಲ. ಕೇಳಿಸುವಷ್ಟು ಹತ್ತಿರ, ರೈಲಿನಲ್ಲಿ ಎದುರು ಸೀಟಿನಲ್ಲೇ ಕೂತಿದ್ದವರಿಗೆ 'ತಪ್ಪಾತ್ರಿ ಚಾಚಾ' ಎನ್ನಲು ನನಗೆ ಬಿ.ಎ. ಬೇಕಿರಲಿಲ್ಲ. ಬೆಳಗಾವಿಯಿಂದ ಖಾನಾಪುರದವರೆಗೆ ಪೂರಾ ದಾರಿ ಇತ್ತು.