ಓತಿಲಿಯಾಳ ಹಸಿರು ಚುಕ್ಕೆ

ಓತಿಲಿಯಾ ಗಾವ್ಲಿಕ್ ಹುಟ್ಟಾ ಪುಕ್ಕಲಿ. ಅವಳೇ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುತ್ತಿದ್ದ ಮಾತು ಇದು, ಹಾಗಾಗಿ ಹೇಳಲು ಸಂಕೋಚವೇನಿಲ್ಲ. ಸರಕಾರಿ ಮುದ್ರೆಯ ಲಕೋಟೆ ಬಂದರೆ ಅದನ್ನು ಒಡೆಯದೆ ಎರಡು ದಿನ ಬ್ರೆಡ್ ಡಬ್ಬಿಯ ಮೇಲಿಟ್ಟು ಸುತ್ತು ಹಾಕುವವಳು. ಮನೆಗೆ ಬೀಗ ಹಾಕಿ ಮೂರು ಮಹಡಿ ಇಳಿದ ಮೇಲೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಏದುಸಿರು ಬಿಡುತ್ತ ಹತ್ತುವವಳು. ಕೊಜ್ಲೆ ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೂಪು ಕುದಿಸಿದ್ದಾಳೆ, ಇವತ್ತಿಗೂ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಕಂಡರೆ ಸೌಟು ಕೈಜಾರುತ್ತದೆ. ಇಂಥವಳು ಐವತ್ತಾರನೆಯ ವಯಸ್ಸಿನಲ್ಲಿ ಮೂರು ಸಾವಿರ ಜನರ ಬಹಿಷ್ಕಾರಕ್ಕೆ ಮುಂದಾಳಾದಳು ಎಂದರೆ ಯಾರು ನಂಬುತ್ತಾರೆ? ಆದರೆ ಆದಳು, ಅದೂ ಹೆದರಿಕೆಯಿಂದಲೇ.

ಕಂಪ್ಯೂಟರ್ ಆಟಗಳ ಹುಚ್ಚು ಅವಳಿಗೆ ಹಳೆಯದು. ಮದುವೆಯ ಹೊಸತರಲ್ಲಿ ಪ್ರತಿ ಭಾನುವಾರ ಒಪೋಲೆ ಪಟ್ಟಣದ ಶಾಲೆಯೊಂದರ ವ್ಯಾಯಾಮದ ಹಾಲಿನಲ್ಲಿ ಕಂಪ್ಯೂಟರ್ ಸಂತೆ ಸೇರುತ್ತಿತ್ತು. ಅಲ್ಲಿ ಬೆಂಚು ಹಾಕಿಕೊಂಡು ಕ್ಯಾಸೆಟ್ಟಿಗೆ ಆಟಗಳನ್ನು ನಕಲು ಮಾಡಿ ಮಾರುವವರ ಸಾಲಿನಲ್ಲಿ ಓತಿಲಿಯಾಳೂ ಇದ್ದಳು. ಆಗ ಅದು ತಪ್ಪೆಂದು ಯಾರೂ ಹೇಳಿರಲಿಲ್ಲ, ಹೇಳುವ ಕಾನೂನೇ ಇರಲಿಲ್ಲ. ಕಾನೂನು ಬಂದ ವರ್ಷ ಪೊಲೀಸರೂ ಬಂದರು. ಓತಿಲಿಯಾ ಕುಸ್ತಿಯ ದಪ್ಪ ಚಾಪೆಗಳ ನಡುವೆ ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ಮಲಗಿದಳು. ಹೊರಗೆ ಬಂದಾಗ ಮೈತುಂಬ ಬೆವರಿನ ವಾಸನೆ, ಮಂಡಿ ನೆಟ್ಟಗಾಗುತ್ತಿಲ್ಲ. ಅವತ್ತೇ ಕೊನೆ, ಮತ್ತೆ ನಕಲಿನ ಕಡೆ ತಲೆ ಹಾಕಲಿಲ್ಲ.

ಅಲ್ಲಿಂದ ಮುಂದೆ ಒಂದೊಂದು ಆಟವನ್ನೂ ಅಸಲು ಪೆಟ್ಟಿಗೆಯಲ್ಲಿ, ದಪ್ಪ ಪುಸ್ತಕದ ಸಮೇತ ಕೊಂಡು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಳು. ದುಡ್ಡು ಕೊಟ್ಟಿದ್ದೇನೆ, ಇದು ನನ್ನದು, ಯಾರೂ ಬಂದು ಕೇಳುವ ಹಾಗಿಲ್ಲ ಎಂಬ ನೆಮ್ಮದಿ ಅವಳಿಗೆ ಆ ಕಪಾಟಿನ ಮುಂದೆ ಸಿಗುತ್ತಿದ್ದಷ್ಟು ಚರ್ಚಿನಲ್ಲೂ ಸಿಗುತ್ತಿರಲಿಲ್ಲ.

ಆಮೇಲೆ ಪೆಟ್ಟಿಗೆಗಳು ಮಾಯವಾದವು. ಅಂಗಡಿಯೇ ಕಂಪ್ಯೂಟರಿನೊಳಗೆ ಬಂದು ಕೂತಿತು. ದುಡ್ಡು ಹಿಂದಿನಂತೆಯೇ ಹೋಗುತ್ತಿತ್ತು, ಕೈಗೆ ಮಾತ್ರ ಏನೂ ಬರುತ್ತಿರಲಿಲ್ಲ. ಆಟ ತೆರೆದಾಗಲೆಲ್ಲ ಅದು ಮೊದಲು ಅಂಗಡಿಗೆ ಹೋಗಿ ಇವಳಿಗೆ ಬಾಗಿಲು ತೆಗೆಯಲೇ ಎಂದು ಅಪ್ಪಣೆ ಕೇಳಿಕೊಂಡು ಬರುತ್ತಿತ್ತು. ಓತಿಲಿಯಾ ಅದಕ್ಕೂ ಒಗ್ಗಿಕೊಂಡಳು. ಅಪ್ಪಣೆ ಎಂಬುದು ಒಂದು ದಿನ ಸಿಗದೆಯೂ ಹೋಗಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ.

ಅವಳ ಗಂಡ ಎರ್ವಿನ್ ಓಡ್ರಾ ನದಿಯಲ್ಲಿ ಮೂವತ್ತು ವರ್ಷ ಕಲ್ಲಿದ್ದಲು ಸಾಗಿಸುವ ಬಾರ್ಜು ದೋಣಿ ನಡೆಸಿದವನು. ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆದು ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಿತ್ತುಕೊಂಡಿತು. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಬಾಯಲ್ಲಿ ಮಾತ್ರ ‘ತ, ತ’ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಹತ್ತು ತಿಂಗಳು ಹಾಗೇ ಕಳೆದವು. ಅವನಿಗೆ ಹೊತ್ತು ಹೋಗಲಿ ಎಂದು ಓತಿಲಿಯಾ ಬಾರ್ಜು ನಡೆಸುವ ಆಟವೊಂದನ್ನು ಕೊಂಡಳು. ಅದರಲ್ಲಿ ಓಡ್ರಾ ನದಿ ಇದ್ದದ್ದು ಇದ್ದಹಾಗೆ ಇತ್ತು. ನೀರಿನ ಮಟ್ಟ ಏರಿಳಿಸುವ ಗೇಟುಗಳು ಒಂದಾದ ಮೇಲೊಂದು ಬರುತ್ತಿದ್ದವು. ಪ್ರತಿ ಗೇಟು ಹತ್ತಿರವಾದಾಗ ರೇಡಿಯೋದಲ್ಲಿ ಕಾವಲುಗಾರನ ಒರಟು ದನಿ, “ಬಾರ್ಜಿನವರೇ, ಯಾವ ಗೇಟಿಗೆ ಬರ್ತಿದ್ದೀರಿ?” ಎಂದು ಕೇಳುತ್ತಿತ್ತು.

ಮೂರನೆಯ ದಿನ ಆ ಪ್ರಶ್ನೆಗೆ ಎರ್ವಿನ್ ಬಾಯಿ ತೆರೆದ. “ಯಾನುಷ್ಕೋವಿತ್ಸೆ” ಎಂದ.

ಓತಿಲಿಯಾ ಆಲೂಗಡ್ಡೆ ಹೆರೆಯುತ್ತಿದ್ದವಳು ಹಾಗೇ ಸಿಂಕಿನ ಅಂಚು ಹಿಡಿದು ನಿಂತಳು. ಆ ವಾರದಲ್ಲಿ ಕ್ರಾಪ್ಕೋವಿತ್ಸೆ ಬಂತು, ರೋಗುವ್ ಬಂತು, ಕಾಂಟಿ ಬಂತು. ತಿಂಗಳೊಪ್ಪತ್ತಿನಲ್ಲಿ ಹನ್ನೊಂದು ಗೇಟಿನ ಹೆಸರು. ಗೇಟುಗಳ ಹೆಸರಲ್ಲದೆ ಬೇರೆ ಒಂದು ಶಬ್ದವೂ ಇಲ್ಲ, ಹೆಂಡತಿಯ ಹೆಸರೂ ಇಲ್ಲ. ಮಾತು ಕಲಿಸಲು ಬರುವ ಚಿಕಿತ್ಸಕಿ ಮಾತ್ರ ಕೈ ಕುಲುಕಿ ಹೇಳಿದಳು: “ಓತಿಲಿಯಾ ಅವರೇ, ಇದನ್ನ ಒಂದು ದಿನಾನೂ ಬಿಡ್ಬೇಡಿ. ಬಿಟ್ರೆ ಬಂದದ್ದೂ ಹೋಗುತ್ತೆ. ಮತ್ತೆ, ಹೆಸರು ನೀವು ಹೇಳಿಕೊಡ್ಬೇಡಿ. ಅವರಾಗೇ ಹುಡುಕ್ಲಿ.”

ಅಂದಿನಿಂದ ಶಾಲೆಯಿಂದ ಬಂದ ಕೂಡಲೇ, ಮಧ್ಯಾಹ್ನ ಮೂರಕ್ಕೆ, ಇಬ್ಬರೂ ಕಂಪ್ಯೂಟರಿನ ಮುಂದೆ ಕೂರುವುದು ರೂಢಿಯಾಯಿತು.

ಮಾರ್ಚಿನಲ್ಲಿ ಅಂಗಡಿಯಿಂದ ಪತ್ರ ಬಂತು. ಬರುವ ಜನವರಿಯಿಂದ ಬಾರ್ಜಿನ ಆಟ ನಿಲ್ಲುತ್ತದೆ, ಕೊಂಡವರಿಗೂ ತೆರೆಯುವುದಿಲ್ಲ. ದುಡ್ಡು ಕೊಟ್ಟು ಕೊಂಡಿದ್ದೇನೆ, ಹೇಗೆ ಕಿತ್ತುಕೊಳ್ಳುತ್ತೀರಿ ಎಂದು ಓತಿಲಿಯಾ ಬರೆದಳು. ನೀವು ಕೊಂಡದ್ದು ಆಟವನ್ನಲ್ಲ, ಆಡುವ ಅನುಮತಿಯನ್ನು, ದಯವಿಟ್ಟು ಷರತ್ತುಗಳನ್ನು ಓದಿ ಎಂದು ಉತ್ತರ ಬಂತು. ಬೀಗ ಒಡೆದ ನಕಲಾದರೂ ಸಿಗುತ್ತದೋ ಎಂದು ಹಳೆಯ ಸಂತೆಯ ಗೆಳೆಯರನ್ನೂ, ನಾಚಿಕೆ ಬಿಟ್ಟು, ವಿಚಾರಿಸಿದಳು. ಈ ಆಟದ ನದಿ ಪ್ರತಿ ಸಲವೂ ಅಂಗಡಿಯ ಯಂತ್ರಗಳಿಂದಲೇ ಹರಿದು ಬರಬೇಕಂತೆ, ನಕಲು ಮಾಡಲು ಮನೆಯಲ್ಲಿ ಉಳಿಯುವುದು ಏನೂ ಇಲ್ಲವಂತೆ.

ಉಳಿದದ್ದು ಒಂದೇ ದಾರಿ. ಅವಳಂತೆ ಉರಿದುಕೊಂಡವರು ಬಹಳ ಜನ ಇದ್ದರು. ವ್ರೊತ್ಸ್ವಾಫ್ ನಗರದ ರೆಮೆಕ್ ಎಂಬ ಲಾರಿ ಚಾಲಕ ಅವರನ್ನೆಲ್ಲ ಒಟ್ಟು ಮಾಡಿದ. ಕರೆಯ ಪತ್ರ ಬರೆದವಳು ಓತಿಲಿಯಾ. ಮೇ ತಿಂಗಳಿಡೀ ಯಾರೂ ಅಂಗಡಿ ತೆರೆಯಬಾರದು, ಕೊಂಡ ಆಟಕ್ಕೆ ಬೀಗವಿಲ್ಲದ ಪ್ರತಿ ಕೊಡುವ ತನಕ ಒಂದು ಕಾಸೂ ಕೊಡಬಾರದು ಎಂದು ಅದರ ಸಾರಾಂಶ. ಮೂರು ಸಾವಿರ ಜನ ಸಹಿ ಹಾಕಿದರು.

ಇಲ್ಲೊಂದು ಜಾಣತನ ಮಾಡಿದರು. ಆಟಗಾರರು ಮಾತ್ರ ಮಾಡಬಲ್ಲ ಪೆದ್ದು ಜಾಣತನ ಅದು. ಬಹಿಷ್ಕಾರದ ಗುಂಪನ್ನು ಅದೇ ಅಂಗಡಿಯ ಅಂಗಳದಲ್ಲಿ, ಗಿರಾಕಿಗಳು ಹರಟುವ ಪುಟದಲ್ಲಿ, ತೆರೆದರು! ಅಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕೆ ಇರುತ್ತದೆ. ಒಳಗೆ ಬಂದರೆ ಹಸಿರು, ಏನಾದರೂ ಆಡುತ್ತಿದ್ದರೆ ಅದರ ಹೆಸರು ಕೆಳಗೆ.

“ಮೂರು ಸಾವಿರ ಚುಕ್ಕೆ ಒಟ್ಟಿಗೆ ಆರಿದ್ದನ್ನ ಅವ್ರು ಅಲ್ಲೇ ಕೂತು ನೋಡ್ಲಿ, ಹೊಟ್ಟೆ ಉರ್ಕೊಳ್ಳಿ” ಎಂದಿದ್ದ ರೆಮೆಕ್. ಮೇ ಒಂದಕ್ಕೆ ಆರಿದವು ಕೂಡ. ಪತ್ರಿಕೆಯಲ್ಲಿ ಚಿತ್ರ ಬಂತು. ಅಂಗಡಿಯವರು ಪರಿಶೀಲಿಸುತ್ತೇವೆ ಎಂಬ ಮಾತನ್ನು ಮೊದಲ ಬಾರಿಗೆ ಬಾಯಿಬಿಟ್ಟರು.

ಓತಿಲಿಯಾಳ ಚುಕ್ಕೆಯೂ ಆರಿತ್ತು. ಆದರೆ ಅವಳ ಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಬಾರ್ಜು ಹೊರಡುತ್ತಲೇ ಇತ್ತು.

ಏನು ಮಾಡಿಯಾಳು? ಒಂದು ತಿಂಗಳು ಬಿಟ್ಟರೆ ಹನ್ನೊಂದು ಹೆಸರು ನೀರುಪಾಲು. ಬಿಡದೆ ಸಿಕ್ಕಿಬಿದ್ದರೆ ಬಹಿಷ್ಕಾರ ನೀರುಪಾಲು, ಜನವರಿಗೆ ಹೆಸರುಗಳೂ ನೀರುಪಾಲು. ಅಂಗಡಿಯಲ್ಲಿ ಕಾಣದಂತೆ ಒಳಬರುವ ಒಂದು ಗುಂಡಿ ಇದೆ. ಅದನ್ನು ಒತ್ತಿ, ಒತ್ತಿದ್ದು ಹೌದೋ ಅಲ್ಲವೋ ಎಂದು ಗ್ಯಾಸಿನ ಹಾಗೆ ಮೂರು ಮೂರು ಸಲ ನೋಡಿ, ಆಮೇಲೆ ಆಟ ತೆರೆಯುತ್ತಿದ್ದಳು. ಕಿಟಕಿಯ ಪರದೆಯನ್ನೂ ಎಳೆಯುತ್ತಿದ್ದಳು, ಮೂರನೆಯ ಮಹಡಿಗೆ ಯಾರು ಇಣುಕುತ್ತಾರೋ ದೇವರೇ ಬಲ್ಲ. ಎಂಬತ್ತನೇ ಇಸವಿಯ ಕಾರ್ಮಿಕರ ಮುಷ್ಕರದಲ್ಲಿ ಹತ್ತೊಂಬತ್ತು ದಿನ ಬಂದರಿನ ಗೇಟಿನೊಳಗೇ ಮಲಗಿದ್ದ ಎರ್ವಿನ್‌ಗೆ ಅವಳು ಬಹಿಷ್ಕಾರದ ಸುದ್ದಿಯನ್ನೇ ಹೇಳಿರಲಿಲ್ಲ. ಮುಷ್ಕರ ಮುರಿದು ಕೆಲಸಕ್ಕೆ ಹೋದ ಸ್ವಂತ ಅಣ್ಣನ ಮನೆಯ ಮೆಟ್ಟಿಲನ್ನು ಆ ಅಣ್ಣ ಸಾಯುವ ತನಕ ತುಳಿಯದ ಮನುಷ್ಯ ಅವನು.

ಬಹಿಷ್ಕಾರದ ಹದಿನೇಳನೆಯ ದಿನ ಚಿಕಿತ್ಸಕಿ ಬೇಗ ಬರುವವಳಿದ್ದಳು. ಗಡಿಬಿಡಿಯಲ್ಲಿ ಓತಿಲಿಯಾ ಮೂರು ಸಲ ನೋಡಲಿಲ್ಲ, ಒಂದು ಸಲವೂ ನೋಡಲಿಲ್ಲ. ಬೆಳಿಗ್ಗೆ ಅಂಗಡಿ ತನ್ನನ್ನು ತಾನೇ ಹೊಸದು ಮಾಡಿಕೊಂಡು, ಎಲ್ಲರ ಗುಂಡಿಗಳನ್ನೂ ಮೊದಲಿನ ಸ್ಥಿತಿಗೆ ತಿರುಗಿಸಿತ್ತು.

ಬಾರ್ಜು ರೋಗುವ್ ದಾಟುವಷ್ಟರಲ್ಲಿ ಫೋನು ನಡುಗತೊಡಗಿತು. ಗುಂಪಿನ ಪುಟದ ಚಿತ್ರವನ್ನು ಯಾರೋ ತೆಗೆದು ಊರೆಲ್ಲ ಹಂಚಿದ್ದರು. ಆರಿದ ಚುಕ್ಕೆಗಳ ಸಾಲಿನ ತುತ್ತತುದಿಯಲ್ಲಿ ಒಂದೇ ಒಂದು ಹಸಿರು: ಓತಿಲಿಯಾ ಗಾವ್ಲಿಕ್, ಆಡುತ್ತಿದ್ದಾರೆ. ಅಂಗಡಿಯ ಭಕ್ತರಿಗೆ ಹಬ್ಬವಾಯಿತು.

‘ಕರೆ ಕೊಟ್ಟ ಅಜ್ಜಿಗೇ ತಡ್ಕೊಳಕ್ಕಾಗ್ಲಿಲ್ಲ’ ಎಂದು ಒಬ್ಬ ಬರೆದಿದ್ದ. ‘ಬನ್ನಿ ಬನ್ನಿ, ಅಂಗ್ಡಿ ತೆರ್ದಿದೆ’ ಎಂದು ಇನ್ನೊಬ್ಬ. ನೋಡುತ್ತಿದ್ದಂತೆ ಪಟ್ಟಿಯಲ್ಲಿ ಎರಡನೆಯ ಚುಕ್ಕೆ ಹಸಿರಾಯಿತು, ಮೂರನೆಯದು, ಹತ್ತನೆಯದು. ಓತಿಲಿಯಾಳಿಗೆ ಅಂದಿನ ಹಾಗೆ ಕುಸ್ತಿಯ ಚಾಪೆಗಳ ನಡುವೆ ಹೋಗಿ ಮಲಗಿಬಿಡಬೇಕು ಎನಿಸಿತು, ಆದರೆ ಮನೆಯಲ್ಲಿ ಚಾಪೆ ಎಲ್ಲಿ?

ರೆಮೆಕ್ ಕರೆ ಮಾಡಿದ. ಬೆರಳು ತಪ್ಪಿ ಬೇರೆ ಗುಂಡಿಗೆ ತಾಗಿ ಫೋನು ಸ್ಪೀಕರಿಗೆ ತಿರುಗಿತು, ಅವನ ಮಾತು ಕೋಣೆಯಿಡೀ ಕೇಳಿಸಿತು.

“ಚಿಕ್ಕಮ್ಮಾ, ಇದು ನೀವಾ? ಅಲ್ಲ ತಾನೇ? ನಿಮ್ಮ ಖಾತೆ ಯಾರೋ ಕದ್ದಿದಾರೆ, ಅಲ್ವಾ?”

“ರೆಮೆಕ್...”

“ಕದ್ದಿದಾರೆ ಅಂತ ಒಂದು ಮಾತು ಹೇಳಿ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ. ನಾನು ಲಾರಿ ರಸ್ತೆ ಪಕ್ಕ ನಿಲ್ಸಿದೀನಿ. ಜನ ನಿಮ್ಮನ್ನ ಮುಷ್ಕರ ಮುರುಕಿ ಅಂತಿದಾರೆ. ನಂಗೆ ಕೇಳೋಕಾಗ್ತಿಲ್ಲ.”

ಎರ್ವಿನ್ ಮೌಸಿನ ಮೇಲಿನಿಂದ ಕೈ ತೆಗೆದು ಹೆಂಡತಿಯ ಕಡೆ ತಿರುಗಿದ. ಪರದೆಯಲ್ಲಿ ಬಾರ್ಜು ತಾನಾಗಿ ದಡದತ್ತ ಜಾರುತ್ತಿತ್ತು.

“ಹೌದು” ಎಂದಳು ಓತಿಲಿಯಾ. “ಕದ್ದಿದಾರೆ. ನಾನು ಬೆಳಿಗ್ಗೆಯಿಂದ ಕಂಪ್ಯೂಟರ್ ಮುಟ್ಟೇ ಇಲ್ಲ ಕಣಪ್ಪ.”

“ಸುಳ್ಳು.”

ಮಾತಾಡಿದವನು ಎರ್ವಿನ್. ಹದಿನಾಲ್ಕು ತಿಂಗಳಲ್ಲಿ, ಗೇಟಿನ ಹೆಸರಲ್ಲದ ಅವನ ಮೊದಲ ಮಾತು ಅದು. ಎಷ್ಟು ಕಾದಿದ್ದಳು ಅಂಥದೊಂದು ಮಾತಿಗೆ! ಸಂತೋಷಕ್ಕೂ ನಾಚಿಕೆಗೂ ಒಟ್ಟಿಗೇ ಅಳು ಬಂದು, ಏಪ್ರನ್ ಬಾಯಿಗೊತ್ತಿಕೊಂಡು ಕುರ್ಚಿಯ ಮೇಲೆ ಕುಸಿದಳು.

“ಯಾರದು ಚಿಕ್ಕಮ್ಮಾ?” ಎಂದ ರೆಮೆಕ್ ಮೆಲ್ಲಗೆ.

ಎಲ್ಲವನ್ನೂ ಹೇಳಿದಳು. ಪಾರ್ಶ್ವವಾಯು, ಹನ್ನೊಂದು ಗೇಟು, ಪರದೆ ಎಳೆದ ಕಿಟಕಿ, ಒಂದನ್ನೂ ಬಿಡದೆ. “ಎಲ್ರಿಗೂ ಹೇಳ್ಬಿಡು” ಎಂದಳು ಕೊನೆಗೆ. “ನಾನೇ ಆಡ್ಸಿದ್ದು ಅಂತ ಹೇಳು. ಬೈಯೋರು ಬೈಲಿ.”

ಎರ್ವಿನ್ ಎಡಗೈಯಿಂದ ಕಂಪ್ಯೂಟರಿನ ಪರದೆಯನ್ನು ತೋರಿಸುತ್ತಿದ್ದ. ಮೊದಲು ಅವಳಿಗೆ ತಿಳಿಯಲಿಲ್ಲ. ಅವನೇ ಆಟ ಮುಚ್ಚಿ, ಖಾತೆಯ ಪುಟ ತೆರೆದು, ತೀರಾ ಕೆಳಗಿನ ಕೆಂಪು ಸಾಲಿನ ತನಕ ಹೋದಾಗ ತಿಳಿಯಿತು. ಖಾತೆ ಅಳಿಸಿ ಎಂದಿತ್ತು ಅಲ್ಲಿ.

“ಬೇಡ ಎರ್ವಿನ್! ಜನವರಿ ತನಕ ಇದೆಯಲ್ಲ, ಏಳು ತಿಂಗಳು ಇದೆ. ನಿನ್ನ ಮಾತು ಕಣೋ ಅದ್ರಲ್ಲಿರೋದು. ನಂಗೆ ಹೆದ್ರಿಕೆ ಆಗುತ್ತೆ.”

ಅವನು ಅವಳನ್ನು ನೋಡಿದ. ಏನೋ ಹೇಳಲು ಬಾಯಿ ಆಡಿಸಿದ, ‘ತ, ತ’ ಎಂದಷ್ಟೇ ಬಂತು. ಸಿಟ್ಟಿನಿಂದ ತಲೆ ಕೊಡವಿ ಗುಂಡಿ ಒತ್ತಿದ.

ನೂರಾ ನಲವತ್ತು ಆಟಗಳು ಬೂದು ಬಣ್ಣಕ್ಕೆ ತಿರುಗಿದವು. ಮೂವತ್ತು ದಿನಗಳಲ್ಲಿ ಖಾತೆ ಅಳಿಯುತ್ತದೆ, ಅದರೊಳಗೆ ಮನಸ್ಸು ಬದಲಾದರೆ ರದ್ದು ಮಾಡಬಹುದು ಎಂದು ಅಂಗಡಿ ಬಹಳ ವಿನಯದಿಂದ ತಿಳಿಸಿತು.

ರೆಮೆಕ್ ಅಂದೇ ಎಲ್ಲರಿಗೂ ಬರೆದ. ಕೆಲವರು ನಂಬಲಿಲ್ಲ, ಅಜ್ಜಿಯ ನಾಟಕ ಎಂದರು. ಕೆಲವರ ಚುಕ್ಕೆ ಹಸಿರಾಗಿಯೇ ಉಳಿಯಿತು. ಆದರೆ ಸಂಜೆಯ ಊಟದ ಹೊತ್ತಿಗೆ ಒಂದೊಂದಾಗಿ ಬಹಳಷ್ಟು ಮತ್ತೆ ಆರಿದವು, ಅದರಲ್ಲಿ ಐವತ್ತರವತ್ತು ಜನ ಎರ್ವಿನ್ ಮಾಡಿದ್ದನ್ನೇ ಮಾಡಿದರು. ಅಂಗಡಿಯವರು ಪರಿಶೀಲಿಸುತ್ತಿದ್ದೇವೆ ಎಂಬ ಮಾತನ್ನು ಇನ್ನೊಮ್ಮೆ ಹೇಳಿದರು. ಇವತ್ತಿನ ತನಕ ಅದನ್ನೇ ಹೇಳುತ್ತಿದ್ದಾರೆ.

ಕಂಪ್ಯೂಟರ್ ಈಗ ಮುಚ್ಚಿದೆ. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಅಡುಗೆಮನೆಯ ಮೇಜಿನ ಎರಡು ಬದಿಗೆ ಕೂರುತ್ತಾರೆ, ಗಾಜಿನ ಲೋಟಗಳಲ್ಲಿ ಚಹಾ. ಓತಿಲಿಯಾ ಕಾವಲುಗಾರನ ಒರಟು ದನಿಯನ್ನು ತನಗೆ ಬಂದಷ್ಟು ಅನುಕರಿಸುತ್ತಾಳೆ.

ಖಾತೆ ಅಳಿಸಲು ಒತ್ತಿದ ಹನ್ನೊಂದನೆಯ ದಿನ ಎರ್ವಿನ್ ಯಾನುಷ್ಕೋವಿತ್ಸೆ ದಾಟಿದ, ಕ್ರಾಪ್ಕೋವಿತ್ಸೆ ದಾಟಿದ.

“ಬಾರ್ಜಿನವರೇ, ಯಾವ ಗೇಟಿಗೆ ಬರ್ತಿದ್ದೀರಿ?”

ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಮುಖ ಕೆಂಪಾಯಿತು. ನಿನ್ನೆ ಇದ್ದ ಹೆಸರು ಇವತ್ತು ಇರಲಿಲ್ಲ. ಚಿಕಿತ್ಸಕಿ ಹೇಳಿದ್ದು ಇದೇ ಅಲ್ಲವೇ, ಶುರುವಾಯಿತೇ? ಖಾತೆ ಅಳಿಯಲು ಇನ್ನೂ ಹತ್ತೊಂಬತ್ತು ದಿನ ಇದೆ, ಒಂದು ಗುಂಡಿ ಒತ್ತಿದರೆ ನದಿ ವಾಪಸು ಬರುತ್ತದೆ. ಓತಿಲಿಯಾ ಕುರ್ಚಿಯಿಂದ ಅರ್ಧ ಎದ್ದಳು.

ಎರ್ವಿನ್ ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ. ಬಿಡಲಿಲ್ಲ. ತುಟಿಗಳು ಒಂದನ್ನೊಂದು ಹುಡುಕುತ್ತಿದ್ದವು.

ರೋಗುವ್ ಎಂಬುದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಕೊಡಲಿಲ್ಲ. ಹೆದರಿಕೆ ಹೋಗದಿದ್ದರೂ ಮತ್ತೆ ಕುಳಿತಳು, ಒರಟು ದನಿ ತಂದುಕೊಂಡು ಮತ್ತೊಮ್ಮೆ ಕೇಳಿದಳು, ಉತ್ತರಕ್ಕೆ ಕಾದಳು.